ಮೆಚ್ನಿಕಾಫ್: ಮುಳ್ಳಿನಿಂದ ಮೊಸರಿನವರೆಗೆ

ಸೂಕ್ಷ್ಮಜೀವಿಗಳ ಪಾಠದಲ್ಲಿ ಹಾಲು ಮೊಸರಾಗುವುದನ್ನು ವಿವರಿಸಿದ ಮೇಲೆ ನಮ್ಮ ಪ್ರಶಿಕ್ಷಣಾರ್ಥಿಗಳು ಮುಂದಿನ ಅಂಶಕ್ಕೆ ಹೋಗುತ್ತಾರೆ. ಮಕ್ಕಳ ಪ್ರಶ್ನೆ ಮಾತ್ರ ಅಲ್ಲಿಂದಲೇ ಶುರುವಾಗುತ್ತದೆ: ಬ್ಯಾಕ್ಟೀರಿಯಾದಿಂದ ರೋಗ ಬರುವುದಾದರೆ, ಹೊಟ್ಟೆ ಕೆಟ್ಟಾಗ ಬ್ಯಾಕ್ಟೀರಿಯಾ ತುಂಬಿದ ಮೊಸರನ್ನೇ ಏಕೆ ಕೊಡುತ್ತಾರೆ? ಇದಕ್ಕೆ ಉತ್ತರ ಕಟ್ಟಲು ನಾನು ಇಲ್ಯಾ ಮೆಚ್ನಿಕಾಫ್ ಅವರ ಜೀವನವನ್ನು ಬಳಸಲು ಸೂಚಿಸುತ್ತೇನೆ.

ಮೆಚ್ನಿಕಾಫ್ 1845ರಲ್ಲಿ, ಇಂದಿನ ಉಕ್ರೇನಿನ ಖಾರ್ಕಿವ್ ಬಳಿ ಜನಿಸಿದರು. ಓದಿದ್ದು ಪ್ರಾಣಿಶಾಸ್ತ್ರ. ಮೊದಲ ಪತ್ನಿ 1873ರಲ್ಲಿ ಕ್ಷಯದಿಂದ ತೀರಿಕೊಂಡರು. 1882ರಲ್ಲಿ ಒಡೆಸ್ಸಾ ವಿಶ್ವವಿದ್ಯಾಲಯದ ಹುದ್ದೆ ಬಿಟ್ಟು ಇಟಲಿಯ ಮೆಸ್ಸಿನಾಕ್ಕೆ ಹೋದರು. ಅಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಚಲಿಸುವ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ನಮ್ಮ ಬಿಳಿ ರಕ್ತಕಣಗಳೂ ಹೀಗೆಯೇ ರೋಗಾಣುಗಳನ್ನು ನುಂಗುತ್ತವೆ ಎಂದು ಅವರು ವಾದಿಸಿದರು. ಆ ಕಣಗಳೇ ರೋಗಾಣುಗಳನ್ನು ಮೈಯೆಲ್ಲಾ ಹರಡುತ್ತವೆ ಎಂದು ಅನೇಕರು ನಂಬಿದ್ದ ಕಾಲ ಅದು. ಈ ಕೋಶಗಳಿಗೆ ಭಕ್ಷಕ ಕೋಶಗಳೆಂಬ ಹೆಸರು ಬಂತು.

1888ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ ಸೇರಿದರು. 1892ರಲ್ಲಿ ಫ್ರಾನ್ಸಿನಲ್ಲಿ ಕಾಲರಾ ಹಬ್ಬಿದಾಗ ಕಾಲರಾ ರೋಗಾಣುಗಳನ್ನು ತಾವೇ ಕುಡಿದರು, ಏನೂ ಆಗಲಿಲ್ಲ. ಹಾಗೆಯೇ ಕುಡಿದ ಇನ್ನೊಬ್ಬ ಸ್ವಯಂಸೇವಕ ಸಾವಿನ ಅಂಚಿಗೆ ಹೋಗಿ ಬದುಕಿದ. ಈ ವ್ಯತ್ಯಾಸವೇಕೆ? ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದಾಗ ಕೆಲವು ಸೂಕ್ಷ್ಮಜೀವಿಗಳು ಕಾಲರಾ ರೋಗಾಣುವಿಗೆ ನೆರವಾದವು, ಕೆಲವು ತಡೆದವು. ಕರುಳಿನ ನಿವಾಸಿಗಳೇ ರೋಗದ ದಾರಿಯನ್ನು ನಿರ್ಧರಿಸಬಹುದೆಂಬ ಯೋಚನೆಗೆ ಇದು ಆಧಾರವಾಯಿತು. ಮುಂದೆ ಅವರು ಹುಳಿ ಹಾಲಿನ ಬಲ್ಗೇರಿಯನ್ ಬ್ಯಾಕ್ಟೀರಿಯಾದ ಪರವಾಗಿ ಬರೆದರು, ತಾವೂ ನಿತ್ಯ ಸೇವಿಸಿದರು. 1908ರಲ್ಲಿ ಪಾಲ್ ಎರ್ಲಿಕ್ ಅವರೊಂದಿಗೆ ನೊಬೆಲ್ ಬಂದದ್ದು ಮಾತ್ರ ರೋಗನಿರೋಧದ ಸಂಶೋಧನೆಗೆ. 1916ರಲ್ಲಿ ನಿಧನರಾದರು.

ಅವರ ಈ ಎರಡು ಕೆಲಸಗಳು ಒಂದೆಡೆ ಸೇರಿದ್ದು ಅವರ ಕಾಲಾನಂತರ. ಭಕ್ಷಕ ಕೋಶಗಳು ರೋಗಾಣುವನ್ನು ಕೊಲ್ಲಲು ಆಮ್ಲಜನಕದಿಂದ ಸೂಪರಾಕ್ಸೈಡ್‌ನಂಥ ತೀವ್ರ ರಾಸಾಯನಿಕಗಳನ್ನು ತಯಾರಿಸುತ್ತವೆಂದು 1973ರಲ್ಲಿ ತೋರಿಸಲಾಯಿತು. ಕರುಳಿನ ಸೋಂಕಿನಲ್ಲಿ ಇವು ಅತಿಯಾದರೆ ಕರುಳಿನ ಒಳಪದರದ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಇದೇ ಉತ್ಕರ್ಷಣ ಹಾನಿ. ಕಳ್ಳನಿಗೆ ಎಸೆದ ಕಲ್ಲು ಮನೆಯ ಹೆಂಚನ್ನೂ ಒಡೆದಂತೆ. ಕೆಲವು ಲ್ಯಾಕ್ಟೋಬ್ಯಾಸಿಲಸ್ ತಳಿಗಳು ಆಮ್ಲ ತಯಾರಿಸಿ, ರೋಗಾಣು ಅಂಟುವ ಜಾಗವನ್ನು ತಾವೇ ಹಿಡಿದು ಸೋಂಕನ್ನು ತಗ್ಗಿಸುತ್ತವೆ, ಉರಿಯೂತವನ್ನು ಶಮನಗೊಳಿಸುತ್ತವೆ, ಕರುಳಿನ ಕೋಶಗಳು ತಮ್ಮದೇ ರಕ್ಷಕ ಕಿಣ್ವಗಳಾದ ಕ್ಯಾಟಲೇಸ್, ಸೂಪರಾಕ್ಸೈಡ್ ಡಿಸ್ಮ್ಯುಟೇಸ್‌ಗಳನ್ನು ಹೆಚ್ಚಿಸಿಕೊಳ್ಳುವಂತೆ ಮಾಡುತ್ತವೆ. ಈ ಕೊನೆಯ ಅಂಶಕ್ಕೆ ಪುರಾವೆ ಹೆಚ್ಚಾಗಿ ದೊರೆತಿರುವುದು ಪ್ರಯೋಗಾಲಯದ ಕೋಶಗಳಲ್ಲಿ ಮತ್ತು ಪ್ರಾಣಿಗಳಲ್ಲಿ. ಒಂದು ತಳಿಯ ಗುಣ ಇನ್ನೊಂದಕ್ಕೆ ಇರಲೇಬೇಕೆಂದಿಲ್ಲ.

ಮೆಚ್ನಿಕಾಫ್ ಹೇಳಿದ್ದೆಲ್ಲ ನಿಲ್ಲಲಿಲ್ಲ ಎಂಬುದನ್ನೂ ತರಗತಿಯಲ್ಲಿ ಹೇಳಬೇಕು. ದೊಡ್ಡಕರುಳು ದೇಹಕ್ಕೆ ಬೇಡದ ಅಂಗ, ಮುಪ್ಪಿಗೆ ಅಲ್ಲಿನ ಕೊಳೆತವೇ ಕಾರಣ ಎಂದು ಅವರು ಭಾವಿಸಿದ್ದರು, ಅದು ಸರಿಯಲ್ಲ. ಅವರು ನೆಚ್ಚಿದ ಬಲ್ಗೇರಿಯನ್ ಬ್ಯಾಕ್ಟೀರಿಯಾ ಮನುಷ್ಯನ ಕರುಳಿನಲ್ಲಿ ನೆಲೆಯೂರುವುದಿಲ್ಲ ಎಂದೂ ಮುಂದೆ ತಿಳಿಯಿತು.

ಪಾಠಯೋಜನೆಯಲ್ಲಿ ಇದಕ್ಕೆ ಹತ್ತು ನಿಮಿಷ ಸಾಕು. ಕಪ್ಪುಹಲಗೆಯ ಮೇಲೆ ಮೂರು ಕಾಲಂ ಹಾಕಿ: ಕಣ್ಣಾರೆ ಕಂಡದ್ದು, ಊಹಿಸಿದ್ದು, ಆಮೇಲೆ ಪರೀಕ್ಷೆಯಲ್ಲಿ ಉಳಿದದ್ದು. ಮುಳ್ಳು, ಕಾಲರಾ, ಮೊಸರು ಎಲ್ಲೆಲ್ಲಿ ಬರುತ್ತವೆಂದು ಮಕ್ಕಳೇ ತುಂಬಲಿ. ಮೌಲ್ಯಮಾಪನಕ್ಕೆ ನಾನು ಒಂದೇ ಪ್ರಶ್ನೆ ಕೊಡುತ್ತೇನೆ: ಭೇದಿಯಾಗುತ್ತಿರುವ ತಮ್ಮನಿಗೆ ಮೊದಲು ಏನು ಕೊಡುವಿರಿ? ಓಆರ್‌ಎಸ್ ಎಂಬ ಉತ್ತರ ಬರಬೇಕು. ಮೊಸರನ್ನು ಮೆಚ್ಚಿಕೊಂಡ ಮಗು, ಅದು ಓಆರ್‌ಎಸ್‌ಗೆ ಬದಲಿಯಲ್ಲವೆಂದೂ ತಿಳಿದು ಮನೆಗೆ ಹೋದರೆ ಪಾಠ ಸಾರ್ಥಕ.