ಚಾವಿಯ ತೂತು ಮುಚ್ಚಲು ಹೊರಟ ರಿಪೇರಿಗಾರ: ಜಾನ್ ಹಾರ್ವುಡ್ ಬದುಕು ನಮಗೇನು ಹೇಳುತ್ತದೆ?

ಬ್ಯಾಟರಿ ಇಲ್ಲದ ಹಳೇ ಕಾಲದ ಕೈಗಡಿಯಾರ ಕೆಡುವುದು ಹೆಚ್ಚಾಗಿ ಒಂದೇ ಜಾಗದಿಂದ. ಅದು ಚಾವಿ ಇರುವ ಜಾಗ. ದಿನಾ ಬೆಳಿಗ್ಗೆ ಚಾವಿ ತಿರುಗಿಸಬೇಕು, ಟೈಮು ಸರಿಮಾಡಲು ಅದನ್ನೇ ಹೊರಗೆಳೆಯಬೇಕು. ಹಾಗೆ ತಿರುಗಿ ತಿರುಗಿ ಚಾವಿಯ ಕಡ್ಡಿ ಸವೆಯುತ್ತದೆ, ಕಡ್ಡಿ ಹಾದುಹೋಗುವ ತೂತು ಸಡಿಲವಾಗುತ್ತದೆ. ಹಾನಗಲ್ಲಿನ ಭತ್ತದ ಗದ್ದೆಯ ಕೆಸರುನೀರು, ಹಿರೇಕೆರೂರಿನ ಗೋವಿನಜೋಳದ ರಾಶಿಯ ಹೊಟ್ಟು, ಶಿಗ್ಗಾಂವಿ-ಸವಣೂರು ಕಡೆಯ ಬೇಸಿಗೆಯ ಧೂಳು, ಎಲ್ಲಕ್ಕಿಂತ ಹೆಚ್ಚಾಗಿ ದುಡಿಯುವ ಕೈಯ ಬೆವರು, ಇವೆಲ್ಲ ಒಳಗೆ ನುಗ್ಗಲು ಅಷ್ಟು ಸಂದಿ ಸಾಕು. ಎಣ್ಣೆ ಜಿಗುಟಾಗುತ್ತದೆ, ಚಕ್ರಗಳು ಹಿಡಿಯುತ್ತವೆ, ವಾಚು ನಿಂತುಬಿಡುತ್ತದೆ.

ರಿಪೇರಿ ಅಂಗಡಿಯಲ್ಲಿ ಕೂತ ಯಾರಿಗಾದರೂ ಇದು ಗೊತ್ತಿರುವ ಸಂಗತಿ. ಆದರೆ ಕೆಟ್ಟದ್ದನ್ನು ರಿಪೇರಿ ಮಾಡುವ ಬದಲು ಆ ತೂತೇ ಇಲ್ಲದ ಗಡಿಯಾರ ಯಾಕೆ ಮಾಡಬಾರದು ಅಂತ ಕೇಳಿಕೊಂಡು, ಅದನ್ನು ಮಾಡಿಯೂ ತೋರಿಸಿದವರು ಇಂಗ್ಲೆಂಡಿನ ಜಾನ್ ಹಾರ್ವುಡ್. ತಾನಾಗಿ ಚಾವಿ ತುಂಬಿಕೊಳ್ಳುವ ಕೈಗಡಿಯಾರವನ್ನು, ಅಂದರೆ ನಾವು ಆಟೋಮ್ಯಾಟಿಕ್ ವಾಚು ಅನ್ನುವುದನ್ನು, ಮೊದಲ ಬಾರಿಗೆ ಕಾರ್ಖಾನೆಯ ಮಾಲಾಗಿ ಜನರ ಕೈಗೆ ತಲುಪಿಸಿದ್ದು ಅವರ ಕೆಲಸ. ಗಡಿಯಾರ ಲೋಕದಲ್ಲಿ ಅವರು ದೊಡ್ಡ ಹೆಸರು. ಆದರೆ ಆ ಹೆಸರು ಅವರಿಗೆ ಸುಲಭವಾಗಿ ಸಿಗಲಿಲ್ಲ.

ಯುದ್ಧ ಕಲಿಸಿದ ಪಾಠ

ಹಾರ್ವುಡ್ ಹುಟ್ಟಿದ್ದು 1893ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯ ಬೋಲ್ಟನ್‌ನಲ್ಲಿ. ಅದು ಹತ್ತಿಗಿರಣಿಗಳ ಊರು. ಹಾರ್ವುಡ್ ಕಲಿತದ್ದು ಗಡಿಯಾರ ರಿಪೇರಿ. ದೊಡ್ಡ ಕಾಲೇಜಿನ ಎಂಜಿನಿಯರ್ ಅಲ್ಲ, ಸ್ವಿಟ್ಜರ್ಲೆಂಡಿನ ಗಡಿಯಾರ ಮನೆತನಗಳಿಗೆ ಸೇರಿದವರೂ ಅಲ್ಲ. ಬೆಂಚಿನ ಮುಂದೆ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೇರೆಯವರು ಮಾಡಿದ ಗಡಿಯಾರ ಬಿಚ್ಚಿ ಜೋಡಿಸುತ್ತಿದ್ದ ಕೆಲಸಗಾರ.

ಆಗ ಕೈಗಡಿಯಾರ ಅಂದರೆ ಹೆಂಗಸರ ಒಡವೆ. ಗಂಡಸರದ್ದು ಸರಪಳಿ ಹಾಕಿದ ಜೇಬುಗಡಿಯಾರ. ಈ ರೂಢಿಯನ್ನು ಮುರಿದದ್ದು 1914ರಿಂದ 1918ರವರೆಗೆ ನಡೆದ ಮೊದಲ ಮಹಾಯುದ್ಧ. ಕಂದಕದಲ್ಲಿ ಕೈಯಲ್ಲಿ ಬಂದೂಕು ಹಿಡಿದ ಸೈನಿಕ ಜೇಬಿಗೆ ಕೈಹಾಕಿ ಗಡಿಯಾರ ತೆಗೆಯುವ ಹಾಗಿರಲಿಲ್ಲ. ನಿಗದಿತ ನಿಮಿಷಕ್ಕೆ ದಾಳಿ ಶುರುವಾಗಬೇಕು ಅಂದರೆ ಟೈಮು ಕಣ್ಣೆದುರೇ ಇರಬೇಕು. ಹಾಗೆ ಗಡಿಯಾರ ಜೇಬಿನಿಂದ ಮಣಿಕಟ್ಟಿಗೆ ಬಂತು. ಬಂದ ಮೇಲೆ ಕೆಡತೊಡಗಿತು. ಕಂದಕದ ಕೆಸರು, ಮಳೆ, ಧೂಳು ಎಲ್ಲವೂ ಚಾವಿಯ ಸಂದಿಯಿಂದ ಒಳಗೆ ಹೋಗುತ್ತಿದ್ದವು.

ಹಾರ್ವುಡ್ ಕೂಡ ಆ ಯುದ್ಧದಲ್ಲಿ ಸೇನೆಯಲ್ಲಿದ್ದರು. ಕೆಟ್ಟ ಕೈಗಡಿಯಾರಗಳನ್ನು ನೋಡುತ್ತಾ ಅವರಿಗೆ ರೋಗದ ಮೂಲ ಸ್ಪಷ್ಟವಾಯಿತು. ಮೇಲೆ ಎಷ್ಟೇ ಗಟ್ಟಿ ಕವಚ ಹಾಕಿದರೂ ಚಾವಿಗೆ ತೂತು ಬಿಡಲೇಬೇಕು, ತೂತು ಬಿಟ್ಟರೆ ಕೊಳೆ ಬರಲೇಬೇಕು. ಚಾವಿಯನ್ನೇ ತೆಗೆದುಬಿಟ್ಟರೆ? ಹಾಗಾದರೆ ಸ್ಪ್ರಿಂಗ್ ಸುತ್ತುವವರು ಯಾರು?

ಏರುವ ಇಳಿಯುವ ಹಲಗೆ

ಯುದ್ಧ ಮುಗಿದ ಮೇಲೆ ಹಾರ್ವುಡ್ ಐರಿಷ್ ಸಮುದ್ರದ ನಡುವಿನ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನೆಲೆಸಿ ಈ ಪ್ರಶ್ನೆಯ ಬೆನ್ನು ಹತ್ತಿದರು. ಹಣಕ್ಕೆ ಜೊತೆಯಾದವರು ಹ್ಯಾರಿ ಕಟ್ಸ್. ಮಕ್ಕಳು ಹಲಗೆಯ ಎರಡು ತುದಿಗೆ ಕೂತು ಏರಿಳಿಯುವ ಆಟ ನೋಡಿ ಹಾರ್ವುಡ್‌ಗೆ ಉಪಾಯ ಹೊಳೆಯಿತು ಅಂತ ಒಂದು ಕತೆ ಪ್ರಚಾರದಲ್ಲಿದೆ. ಕತೆ ಹೇಗಾದರೂ ಇರಲಿ, ಉಪಾಯದ ಸ್ವರೂಪ ಮಾತ್ರ ಅದೇ. ಗಡಿಯಾರದ ಒಳಗೆ ನಡುವಿನ ಮೊಳೆಗೆ ಸಿಕ್ಕಿಸಿದ ಒಂದು ಭಾರದ ತುಂಡು. ಕೈ ಆಡಿದಾಗ ಅದು ಅತ್ತಿತ್ತ ತೂಗುತ್ತದೆ. ಆ ತೂಗಾಟವನ್ನು ಸಣ್ಣ ಚಕ್ರಗಳು ಹಿಡಿದು ಮುಖ್ಯ ಸ್ಪ್ರಿಂಗನ್ನು ಸುತ್ತುತ್ತವೆ.

ಹೇಳುವುದು ಸುಲಭ. ಮಾಡುವಾಗ ಮೂರು ತೊಡಕು. ಮೊದಲನೆಯದು, ಭಾರ ಎರಡೂ ಕಡೆ ತೂಗುತ್ತದೆ, ಸ್ಪ್ರಿಂಗ್ ಮಾತ್ರ ಒಂದೇ ಕಡೆ ಸುತ್ತಬೇಕು. ಹಾಗಾಗಿ ಒಂದು ದಿಕ್ಕಿಗೆ ಹೋಗುವಾಗ ಹಲ್ಲಿಗೆ ಕೊಕ್ಕೆ ಹಿಡಿಯುವಂತೆ, ತಿರುಗಿ ಬರುವಾಗ ಕೊಕ್ಕೆ ಜಾರುವಂತೆ ಮಾಡಿದರು. ಬಾವಿಯ ರಾಟೆ ಹಿಂದಕ್ಕೆ ಓಡದ ಹಾಗೆ ತಡೆ ಹಾಕುವುದಿಲ್ಲವೇ, ಹಾಗೆ. ಎರಡನೆಯದು, ಭಾರ ಪೂರ್ತಿ ಸುತ್ತು ತಿರುಗಲು ಒಳಗೆ ಜಾಗ ಬಿಡಲಿಲ್ಲ. ಅದು ಸುತ್ತಿನ ಒಂದು ಪಾಲಷ್ಟೇ ತೂಗಿ, ಎರಡು ತುದಿಯಲ್ಲೂ ಪುಟ್ಟ ಸ್ಪ್ರಿಂಗಿಗೆ ಬಡಿದು ವಾಪಸು ಬರುತ್ತಿತ್ತು. ಕಟ್ಟಿಕೊಂಡವರಿಗೆ ಆ ಬಡಿತ ಕೈಗೆ ತಿಳಿಯುತ್ತಿತ್ತು. ಅದಕ್ಕೇ ಈ ಬಗೆಗೆ ಸುತ್ತಿಗೆ ಆಟೋಮ್ಯಾಟಿಕ್ ಅನ್ನುವ ಹೆಸರು ಬಿತ್ತು.

ಮೂರನೆಯದು ಎಲ್ಲಕ್ಕಿಂತ ಜಾಣತನ ಬೇಡುವ ತೊಡಕು. ಚಾವಿಯೇ ಇಲ್ಲ ಅಂದಮೇಲೆ ಮುಳ್ಳು ತಿರುಗಿಸುವುದು ಹೇಗೆ? ಡಯಲ್ ಸುತ್ತಲಿನ ಬಳೆಯನ್ನೇ ಹಾರ್ವುಡ್ ಚಾವಿಯಾಗಿಸಿದರು. ಬಳೆ ತಿರುಗಿಸಿದರೆ ಮುಳ್ಳು ತಿರುಗುತ್ತದೆ. ಆಮೇಲೆ ಬಳೆಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಆ ಜೋಡಣೆ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡಿತೋ ಇಲ್ಲವೋ ಅಂತ ತಿಳಿಯಲು 6ರ ಅಂಕಿಯ ಮೇಲೆ ಪುಟ್ಟ ಕಿಂಡಿ, ಅದರಲ್ಲಿ ಬಣ್ಣ ಬದಲಾಗುವ ಚುಕ್ಕಿ. ಬಳಸುವವರು ಎಲ್ಲಿ ಎಡವುತ್ತಾರೆ ಅಂತ ಬಲ್ಲ ರಿಪೇರಿಗಾರನಿಗಷ್ಟೇ ಹೊಳೆಯುವ ಚುಕ್ಕಿ ಅದು.

1923ರ ಅಕ್ಟೋಬರ್ 16ರಂದು ಹಾರ್ವುಡ್ ಸ್ವಿಟ್ಜರ್ಲೆಂಡಿನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1924ರ ಸೆಪ್ಟೆಂಬರ್ 1ರಂದು 106583 ಸಂಖ್ಯೆಯ ಪೇಟೆಂಟ್ ಕೈಗೆ ಬಂತು.

ಮೊದಲಿಗರು ಅನ್ನಬಹುದಾ?

ಇಲ್ಲಿ ಒಂದು ತಕರಾರು ಬರುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ತೂಗುವ ಭಾರದಿಂದ ಸ್ಪ್ರಿಂಗ್ ಸುತ್ತುವ ಉಪಾಯ ಹಾರ್ವುಡ್‌ಗಿಂತ ನೂರೈವತ್ತು ವರ್ಷ ಹಳೆಯದು. ಸ್ವಿಟ್ಜರ್ಲೆಂಡಿನ ಲ ಲೋಕ್ಲ್ ಊರಿನ ಅಬ್ರಹಾಂ ಲೂಯಿ ಪೆರ್ರೆಲೆ 1770ರ ದಶಕದಲ್ಲೇ ಅಂಥ ಜೇಬುಗಡಿಯಾರ ಮಾಡಿದ್ದರು. ಲಿಯೇಜ್ ಪಟ್ಟಣದ ಹ್ಯುಬರ್ಟ್ ಸಾರ್ಟನ್ 1778ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ತಮ್ಮ ವಿನ್ಯಾಸ ಕೊಟ್ಟಿದ್ದರು. ಇಬ್ಬರಲ್ಲಿ ಯಾರು ಮೊದಲು ಅನ್ನುವ ಜಗಳ ಇತಿಹಾಸಕಾರರ ನಡುವೆ ಇವತ್ತಿಗೂ ಮುಗಿದಿಲ್ಲ. ಪ್ಯಾರಿಸ್ಸಿನ ಪ್ರಸಿದ್ಧ ಬ್ರೆಗೆ ಕೂಡ ಶ್ರೀಮಂತರಿಗೆ ಇಂಥವನ್ನು ಮಾಡಿ ಮಾರಿದ್ದರು.

ಆದರೆ ಜೇಬಿನಲ್ಲಿ ನೆಟ್ಟಗೆ ನಿಂತ ಗಡಿಯಾರ ಅಲ್ಲಾಡುವುದು ಕಡಿಮೆ. ನಡೆದಾಡುವಾಗಷ್ಟೇ ಅದಕ್ಕೆ ಚಾವಿ. ಹಾಗಾಗಿ ಆ ಉಪಾಯ ಸಾಹುಕಾರರ ಬೆರಗಾಗಿ ಉಳಿದು ಮೂಲೆ ಸೇರಿತು. ಮಣಿಕಟ್ಟಿನ ಮಾತೇ ಬೇರೆ. ಊಟ ಮಾಡುವಾಗ, ಬರೆಯುವಾಗ, ಕಳೆ ಕೀಳುವಾಗ, ಮಾತಿಗೆ ಕೈ ಬೀಸುವಾಗ ಅದು ಆಡುತ್ತಲೇ ಇರುತ್ತದೆ. ಈ ಹಳೆಯ ಉಪಾಯಕ್ಕೆ ಸರಿಯಾದ ಜಾಗ ಮಣಿಕಟ್ಟು ಅಂತ ಕಂಡುಕೊಂಡದ್ದು, ಅದಕ್ಕೆ ಕೊಳೆ ತಡೆಯುವ ಕಾರಣ ಕೂಡಿಸಿದ್ದು, ಸಾವಿರಗಟ್ಟಲೆ ತಯಾರಾಗುವಂತೆ ಮಾಡಿದ್ದು ಹಾರ್ವುಡ್ ಹೆಚ್ಚುಗಾರಿಕೆ. ಹೊಸದು ಅಂದರೆ ಶೂನ್ಯದಿಂದ ಹುಟ್ಟಬೇಕು ಅನ್ನುವುದು ಭ್ರಮೆ. ಹಳೆಯದನ್ನು ಸರಿಯಾದ ಜಾಗಕ್ಕೆ ತರುವುದೂ ಆವಿಷ್ಕಾರವೇ.

ಗೆದ್ದ ಮಾಲು, ಸೋತ ಕಂಪನಿ

ಪೇಟೆಂಟ್ ಸಿಕ್ಕಿದರೂ ಮಾಡಿಕೊಡುವವರು ಬೇಕಲ್ಲ. ಸ್ವಿಟ್ಜರ್ಲೆಂಡಿನ ಗ್ರೆಂಚನ್ ಪಟ್ಟಣದ ಫೋರ್ಟಿಸ್ ಕಂಪನಿ ಮುಂದೆ ಬಂತು. ಬ್ಲಾಂಪೆ ಕೂಡ ತಯಾರಿಕೆಗೆ ಸೇರಿಕೊಂಡಿತು. 1926ರಲ್ಲಿ ಬಾಸೆಲ್ ಮೇಳದಲ್ಲಿ ಹಾರ್ವುಡ್ ಹೆಸರಿನ ಚಾವಿಯಿಲ್ಲದ ವಾಚು ಪ್ರದರ್ಶನಕ್ಕೆ ಬಂತು. 1928ರಲ್ಲಿ ಇಂಗ್ಲೆಂಡಿನಲ್ಲಿ ಹಾರ್ವುಡ್ ಹೆಸರಿನದ್ದೇ ಕಂಪನಿ ಶುರುವಾಯಿತು. ಒಟ್ಟು ಸುಮಾರು 30,000 ವಾಚುಗಳು ತಯಾರಾದವು ಅಂತ ಅಂದಾಜು.

ಮಾಲಿನಲ್ಲಿ ಕೊರತೆ ಇರಲಿಲ್ಲ ಅಂತೇನಲ್ಲ. ಪೂರ್ತಿ ತುಂಬಿದರೂ ಸುಮಾರು 12 ಗಂಟೆ ಮಾತ್ರ ನಡೆಯುತ್ತಿತ್ತು. ಸಂಜೆ ಬೇಗ ಬಿಚ್ಚಿಟ್ಟರೆ ಬೆಳಿಗ್ಗೆ ನಿಂತಿರುವ ಸಾಧ್ಯತೆ ಇತ್ತು. ಕೈಯಿಂದ ಚಾವಿ ಕೊಡೋಣ ಅಂದರೆ ಚಾವಿಯೇ ಇಲ್ಲ, ಅಲ್ಲಾಡಿಸಿಯೇ ಎಬ್ಬಿಸಬೇಕು. ಆದರೆ ಇವೆಲ್ಲ ತಿದ್ದಬಹುದಾದ ಕೊರತೆಗಳು. ಕಂಪನಿಯನ್ನು ಮುಳುಗಿಸಿದ್ದು ಬೇರೆಯೇ. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟು ಹರಡಿತು. ಕೆಲಸ ಕಳೆದುಕೊಂಡವರು ಹೊಸ ಬಗೆಯ ವಾಚು ಕೊಳ್ಳುತ್ತಾರಾ? 1931ರಲ್ಲಿ ಹಾರ್ವುಡ್ ಕಂಪನಿ ಬಾಗಿಲು ಮುಚ್ಚಿತು.

ಅದೇ 1931ರಲ್ಲಿ ರೋಲೆಕ್ಸ್ ತನ್ನ ಪರ್ಪೆಚುವಲ್ ವಾಚು ತಂದದ್ದು ಚರಿತ್ರೆಯ ಕುಚೋದ್ಯ. ರೋಲೆಕ್ಸ್ 1926ರಲ್ಲೇ ನೀರು ಹೋಗದ ವಾಚು ಮಾಡಿತ್ತು. ಚಾವಿಯನ್ನು ತಿರುಪಿನಂತೆ ಬಿಗಿಯುವುದು ಅದರ ಗುಟ್ಟು. ಆದರೆ ದಿನಾ ಚಾವಿ ಕೊಟ್ಟ ಮೇಲೆ ಬಿಗಿಯಲು ಜನ ಮರೆತರೆ ಮುಗಿಯಿತು, ನೀರು ಒಳಗೆ. ಅವರಿಗೂ ಎದುರಾದದ್ದು ಅದೇ ತೂತಿನ ಸಮಸ್ಯೆ. ಅವರು ಭಾರದ ತುಂಡಿಗೆ ತಡೆಯಿಲ್ಲದೆ ಪೂರ್ತಿ 360 ಡಿಗ್ರಿ ತಿರುಗಲು ಬಿಟ್ಟರು. ಬಡಿತ ಹೋಯಿತು, ಚಾವಿ ಹೆಚ್ಚು ತುಂಬಿತು. ಇವತ್ತು ರೋಟರ್ ಅನ್ನುವುದು ಇದನ್ನೇ.

ಅಲ್ಲಿಂದ ಸುಧಾರಣೆಗಳ ಸಾಲು. 1942ರಲ್ಲಿ ಫೆಲ್ಸಾ ಕಂಪನಿ ರೋಟರ್ ಎರಡೂ ದಿಕ್ಕಿಗೆ ತಿರುಗಿದಾಗ ಚಾವಿ ತುಂಬುವ ಹಾಗೆ ಮಾಡಿತು. 1948ರಲ್ಲಿ ಎಟರ್ನಾ ಕಂಪನಿ ರೋಟರನ್ನು ಐದು ಪುಟ್ಟ ಗುಂಡುಗಳ ಬೇರಿಂಗ್ ಮೇಲೆ ಕೂರಿಸಿ ಸವೆತ ತಗ್ಗಿಸಿತು. 1959ರಲ್ಲಿ ಜಪಾನಿನ ಸೈಕೋ ಕೆಲವೇ ಬಿಡಿಭಾಗಗಳಲ್ಲಿ, ಎರಡು ತೋಳಿನ ಒಂದು ಕೊಕ್ಕೆಯಿಂದ ಅದೇ ಕೆಲಸ ಮಾಡಿಸಿತು. ಆಟೋಮ್ಯಾಟಿಕ್ ಅಗ್ಗವಾಗಲು ಇದು ದೊಡ್ಡ ನೆರವಾಯಿತು. ಅತಿಯಾಗಿ ಸುತ್ತಿ ಸ್ಪ್ರಿಂಗ್ ಹರಿಯದಂತೆ, ತುಂಬಿದ ಮೇಲೆ ಅದರ ತುದಿ ಡಬ್ಬಿಯ ಗೋಡೆಗುಂಟ ಜಾರುವ ಉಪಾಯವೂ ಇವುಗಳಿಗೆ ಒದಗಿತು. ಅದು 1863ರಷ್ಟು ಹಿಂದೆಯೇ ಆಡ್ರಿಯನ್ ಫಿಲಿಪ್ ಕಂಡುಹಿಡಿದದ್ದು.

ಹೆಸರಿನ ಹೋರಾಟ

ಇಷ್ಟರಲ್ಲಿ ಹಾರ್ವುಡ್ ಎಲ್ಲಿದ್ದರು? ಮರೆವಿನಲ್ಲಿ. ಕಂಪನಿ ಇಲ್ಲದವನ ಹೆಸರನ್ನು ಮಾರುಕಟ್ಟೆ ನೆನಪಿಟ್ಟುಕೊಳ್ಳುವುದಿಲ್ಲ. 1950ರ ದಶಕದ ಹೊತ್ತಿಗೆ ರೋಲೆಕ್ಸ್ ಜಾಹೀರಾತು ಓದಿದವರು ಆಟೋಮ್ಯಾಟಿಕ್ ವಾಚು ಆ ಕಂಪನಿಯ ಸ್ವಂತ ಸೃಷ್ಟಿ ಅಂದುಕೊಳ್ಳುವಂತಾಗಿತ್ತು. ಹಾರ್ವುಡ್ ಸುಮ್ಮನಿರಲಿಲ್ಲ, ಆಕ್ಷೇಪಣೆ ಎತ್ತಿದರು. 1956ರಲ್ಲಿ ರೋಲೆಕ್ಸ್ ಇಂಗ್ಲೆಂಡಿನ ಪತ್ರಿಕೆಯಲ್ಲಿ ತಪ್ಪೊಪ್ಪಿಕೊಂಡು, ಮೊದಲ ಆಟೋಮ್ಯಾಟಿಕ್ ಕೈಗಡಿಯಾರದ ಶ್ರೇಯ ಹಾರ್ವುಡ್ ಅವರದ್ದು ಅಂತ ಒಪ್ಪಿತು. ಮರುವರ್ಷ, 1957ರಲ್ಲಿ, ಬ್ರಿಟಿಷ್ ಹೊರಾಲಜಿಕಲ್ ಇನ್‌ಸ್ಟಿಟ್ಯೂಟ್ ಅವರಿಗೆ ಚಿನ್ನದ ಪದಕ ಕೊಟ್ಟಿತು. ಪೇಟೆಂಟ್ ಸಿಕ್ಕಿ ಆಗಲೇ 33 ವರ್ಷ ಕಳೆದಿತ್ತು. ಮುಂದೆ ಕೆಲವು ವರ್ಷಗಳಲ್ಲಿ ಅವರು ತೀರಿಕೊಂಡರು.

ಹಣ ಬರಲಿಲ್ಲ, ಹೆಸರು ಬಂತು. ಅದೂ ಅವರ ಕೈಯಲ್ಲಿ ಪೇಟೆಂಟ್ ಕಾಗದ ಇದ್ದದ್ದಕ್ಕೆ. ಆ ಕಾಗದ ಇಲ್ಲದಿದ್ದರೆ ದೊಡ್ಡ ಕಂಪನಿಯ ಎದುರು ಒಬ್ಬ ಹಳೆಯ ರಿಪೇರಿಗಾರನ ಮಾತು ಯಾರು ಕೇಳುತ್ತಿದ್ದರು?

ನಮ್ಮ ಕೈಗೆ ಬಂದ ದಾರಿ

ಹಾರ್ವುಡ್ ಬದುಕಿದ್ದಾಗಲೇ ಈ ವಿದ್ಯೆ ಕನ್ನಡ ನೆಲಕ್ಕೆ ಬರುವ ಬಾಗಿಲು ತೆರೆದಿತ್ತು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ವಾಚು ತಯಾರಿಕೆಗೆ ಇಳಿಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾದಂಥ ಚಾವಿ ಕೊಡುವ ವಾಚುಗಳ ಜೊತೆಗೆ ಆಟೋಮ್ಯಾಟಿಕ್‌ಗಳೂ ಬಂದವು. ಅವುಗಳಲ್ಲಿ ಬಂಗಾರದ ಬಣ್ಣದ ಕಾಂಚನ ಮದುವೆ ಮಾತುಕತೆಯ ವಸ್ತುವೇ ಆಗಿತ್ತು. ಅಳಿಯನ ಕೈಗೆ ಏರಿದ ಆ ವಾಚಿನ ಒಳಗೆ ತೂಗುತ್ತಿದ್ದದ್ದು ಬೋಲ್ಟನ್‌ನ ರಿಪೇರಿಗಾರನ ಆಲೋಚನೆ.

ಆಮೇಲೆ ಬ್ಯಾಟರಿ ವಾಚು ಬಂತು, ಮೊಬೈಲ್ ಬಂತು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು. ಹಳೆಯ ಎಚ್‌ಎಂಟಿಗಳಿಗೆ ಈಗ ಸಂಗ್ರಹಕಾರರ ನಡುವೆ ಬೇಡಿಕೆ ಇದೆ. ಅವನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ಮಾತ್ರ ಸಣ್ಣ ಪೇಟೆಗಳಲ್ಲಿ ವಯಸ್ಸಾಗುತ್ತಿವೆ, ಆ ಕಸುಬಿಗೆ ಹೊಸ ಹುಡುಗರು ಬರುತ್ತಿಲ್ಲ.

ಹಾರ್ವುಡ್ ಬದುಕು ನಮಗೆ ಮುಖ್ಯವಾಗುವುದು ಇಲ್ಲೇ. ಸರಕಾರಗಳು ಆವಿಷ್ಕಾರ ಅಂದಕೂಡಲೇ ಪ್ರಯೋಗಾಲಯ, ಸ್ಟಾರ್ಟಪ್, ಬೆಂಗಳೂರಿನ ಟೆಕ್ ಪಾರ್ಕ್ ಕಡೆ ನೋಡುತ್ತವೆ. ಒಂದು ವಸ್ತು ಎಲ್ಲಿ ಸೋಲುತ್ತದೆ ಅನ್ನುವುದು ಮೊದಲು ತಿಳಿಯುವುದು ಅದನ್ನು ರಿಪೇರಿ ಮಾಡುವವರಿಗೆ. ಶಿಗ್ಗಾಂವಿಯ ಪಂಪ್‌ಸೆಟ್ ಮೆಕ್ಯಾನಿಕ್‌ಗೆ ಗೊತ್ತು ಯಾವ ಮೋಟರು ಯಾಕೆ ಸುಡುತ್ತದೆ ಅಂತ. ಹಾನಗಲ್ಲಿನ ಟ್ರ್ಯಾಕ್ಟರ್ ರಿಪೇರಿಯವರಿಗೆ ಗೊತ್ತು ಗದ್ದೆಯ ಕೆಸರು ಯಾವ ಸೀಲು ದಾಟಿ ಒಳಗೆ ಬರುತ್ತದೆ ಅಂತ. ಆ ತಿಳಿವಳಿಕೆಯನ್ನು ಕೇಳಿ ಬರೆದುಕೊಳ್ಳುವವರು ಯಾರು? ಅದಕ್ಕೆ ಪೇಟೆಂಟ್ ಅರ್ಜಿಯ ರೂಪ ಕೊಡಲು ನೆರವಾಗುವವರು ಯಾರು?

2022ರಲ್ಲಿ ಕೇಂದ್ರ ಸರಕಾರ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಆ ಚರ್ಚೆ ಬಹುಪಾಲು ಗ್ರಾಹಕರ ಸುತ್ತಲೇ ತಿರುಗುತ್ತಿದೆ. ಗ್ರಾಹಕರಿಗೆ ಬಿಡಿಭಾಗ ಸಿಗಬೇಕು, ಸರಿ. ಅದರ ಜೊತೆಗೆ ರಿಪೇರಿ ಮಾಡುವವರನ್ನು ತಿಳಿದವರು ಅಂತ ಒಪ್ಪಿಕೊಳ್ಳುವ ಹೆಜ್ಜೆಯೂ ಬೇಕು. ಹಲವು ತಾಲೂಕುಗಳಲ್ಲಿ ಐಟಿಐ ಇವೆ. ಅಲ್ಲಿ ಪಾಠದ ಪುಸ್ತಕದ ಜೊತೆ ಊರಿನ ಹಳೇ ಮೆಕ್ಯಾನಿಕ್‌ಗಳನ್ನು ವಾರಕ್ಕೊಮ್ಮೆ ಕರೆದು ಕೂರಿಸಿ, ಅವರು ಕಂಡ ಕೊರತೆಗಳನ್ನು ದಾಖಲಿಸಿದರೆ ಬರುವ ಖರ್ಚು ದೊಡ್ಡದಲ್ಲ. ಹಾರ್ವುಡ್ ಕೈಯಲ್ಲಿ ಬಂಡವಾಳ ಹಾಕುವ ಒಬ್ಬ ಗೆಳೆಯನಿದ್ದ, ಒಂದು ಪೇಟೆಂಟ್ ಇತ್ತು. ಆದರೂ ಮನ್ನಣೆಗೆ ಮೂರು ದಶಕ ಕಾಯಬೇಕಾಯಿತು. ಇವೆರಡೂ ಇಲ್ಲದ ನಮ್ಮ ರಿಪೇರಿಗಾರರು ಎಷ್ಟು ಕಾಲ ಕಾಯಬೇಕು ಅನ್ನುವುದು ಕೇಳಲೇಬೇಕಾದ ಪ್ರಶ್ನೆ.