ಲಾಡಿಹುಳುವಿನ ಜಾಡು ಹಿಡಿದ ವೈದ್ಯ: ಫ್ರೀಡ್ರಿಕ್ ಕ್ಯೂಖೆನ್‌ಮೈಸ್ಟರ್

ಮುಂಬೈ ಉಪನಗರದ ಔಷಧದಂಗಡಿಯಲ್ಲಿ ನಿಂತರೆ ಒಂದು ಪ್ರಶ್ನೆ ಆಗಾಗ ಎದುರಾಗುತ್ತದೆ. ಮಗುವಿಗೆ ಫಿಟ್ಸ್ ಬಂದಿರುತ್ತದೆ, ಸ್ಕ್ಯಾನ್ ವರದಿಯಲ್ಲಿ ನ್ಯೂರೋಸಿಸ್ಟಿಸರ್ಕೋಸಿಸ್ ಎಂದು ಬರೆದಿರುತ್ತದೆ. ಮಾಂಸವನ್ನೇ ಮುಟ್ಟದ ನಮ್ಮ ಮನೆಯಲ್ಲಿ ಹಂದಿಯ ಹುಳು ಮಿದುಳಿಗೆ ಹೇಗೆ ಬಂತು ಎಂದು ತಂದೆ ತಾಯಿ ಕಂಗಾಲಾಗಿ ಕೇಳುತ್ತಾರೆ. ಇದಕ್ಕೆ ಉತ್ತರ ಸಿಕ್ಕಿದ್ದು ಸುಮಾರು 170 ವರ್ಷಗಳ ಹಿಂದೆ, ಜರ್ಮನಿಯ ಒಬ್ಬ ಊರ ವೈದ್ಯರ ಪ್ರಯೋಗಗಳಿಂದ.

ಫ್ರೀಡ್ರಿಕ್ ಕ್ಯೂಖೆನ್‌ಮೈಸ್ಟರ್ ಹುಟ್ಟಿದ್ದು 1821ರಲ್ಲಿ, ಸ್ಯಾಕ್ಸನಿ ಪ್ರಾಂತ್ಯದಲ್ಲಿ. ತಂದೆ ಪಾದ್ರಿ. ವೈದ್ಯಕೀಯ ಓದಿದ ನಂತರ ಝಿಟ್ಟಾವ್ ಎಂಬ ಪಟ್ಟಣದಲ್ಲಿ ಸಾಮಾನ್ಯ ವೈದ್ಯರಾಗಿ ನೆಲೆಸಿದರು. ದೊಡ್ಡ ಪ್ರಯೋಗಾಲಯವಾಗಲಿ, ವಿಶ್ವವಿದ್ಯಾಲಯದ ಹುದ್ದೆಯಾಗಲಿ ಇರಲಿಲ್ಲ. ರೋಗಿಗಳನ್ನು ನೋಡಿ ಉಳಿದ ಸಮಯದಲ್ಲಿ ಹುಳುಗಳ ಅಧ್ಯಯನ ಮಾಡುತ್ತಿದ್ದರು.

ಆ ಕಾಲದ ವೈದ್ಯರಿಗೆ ಎರಡು ಸಂಗತಿಗಳು ಗೊತ್ತಿದ್ದವು. ಮನುಷ್ಯನ ಕರುಳಿನಲ್ಲಿ ಉದ್ದನೆಯ ಲಾಡಿಹುಳು ಇರುತ್ತದೆ. ಹಂದಿ ಮತ್ತು ಇತರ ಪ್ರಾಣಿಗಳ ಮಾಂಸದಲ್ಲಿ ನೀರು ತುಂಬಿದ ಸಣ್ಣ ಗುಳ್ಳೆಗಳು ಇರುತ್ತವೆ. ಇವೆರಡಕ್ಕೂ ಇರುವ ನಂಟು ಮಾತ್ರ ಸ್ಪಷ್ಟವಾಗಿರಲಿಲ್ಲ. ಗುಳ್ಳೆಗಳು ದಾರಿ ತಪ್ಪಿ ಕೆಟ್ಟುಹೋದ ಹುಳುಗಳು ಎಂದು ಕೆಲವು ದೊಡ್ಡ ವಿದ್ವಾಂಸರು ನಂಬಿದ್ದರು. ಕ್ಯೂಖೆನ್‌ಮೈಸ್ಟರ್ ಇದನ್ನು ಒಪ್ಪಲಿಲ್ಲ. ಪ್ರಕೃತಿಯಲ್ಲಿ ಯಾವುದೂ ವ್ಯರ್ಥವಲ್ಲ, ಗುಳ್ಳೆಯೇ ಹುಳುವಿನ ಎಳೆಯ ರೂಪ ಎಂಬುದು ಅವರ ವಾದ.

1851ರಿಂದ ಅವರು ಮೊಲದ ದೇಹದಲ್ಲಿದ್ದ ಗುಳ್ಳೆಗಳನ್ನು ನಾಯಿ, ನರಿಗಳಿಗೆ ತಿನ್ನಿಸಿದರು. ಅವುಗಳ ಕರುಳಿನಲ್ಲಿ ಲಾಡಿಹುಳು ಬೆಳೆದಿತ್ತು. ನಂತರ ಪ್ರಯೋಗವನ್ನು ತಿರುಗಿಸಿದರು. ನಾಯಿಯ ಲಾಡಿಹುಳುವಿನ ಮೊಟ್ಟೆಗಳನ್ನು ಕುರಿಗಳಿಗೆ ಕೊಟ್ಟಾಗ ಗುಳ್ಳೆಗಳು ಮಿದುಳಿನಲ್ಲಿ ಬೆಳೆದು, ಕುರಿಗಳು ಸುತ್ತು ತಿರುಗುತ್ತಾ ತೂರಾಡುವ ರೋಗಕ್ಕೆ ಬಿದ್ದವು. ಗುಳ್ಳೆ ತಿಂದರೆ ಕರುಳಿನಲ್ಲಿ ಹುಳು, ಮೊಟ್ಟೆ ನುಂಗಿದರೆ ದೇಹದೊಳಗೆ ಗುಳ್ಳೆ. ಮೇಲಿನ ತಂದೆ ತಾಯಿಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಮನುಷ್ಯನಲ್ಲೂ ಹೀಗೆಯೇ ಎಂದು ತೋರಿಸಲು ಅವರು ಹಿಡಿದ ದಾರಿ ಇಂದು ನಮ್ಮನ್ನು ಬೆಚ್ಚಿಬೀಳಿಸುತ್ತದೆ. 1855ರಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಒಬ್ಬ ಕೈದಿಗೆ ಗುಳ್ಳೆಗಳಿದ್ದ ಮಾಂಸವನ್ನು ಊಟದಲ್ಲಿ ಬೆರೆಸಿ ಕೊಡಿಸಿದರು. ಶಿಕ್ಷೆಯ ನಂತರ ಶವಪರೀಕ್ಷೆ ಮಾಡಿದಾಗ ಕರುಳಿನಲ್ಲಿ ಎಳೆಯ ಲಾಡಿಹುಳುಗಳು ಕಂಡವು. 1860ರಲ್ಲಿ ಇನ್ನೊಬ್ಬ ಕೈದಿಗೆ ಶಿಕ್ಷೆಗೆ ಕೆಲವು ತಿಂಗಳು ಮೊದಲೇ ತಿನ್ನಿಸಿದ್ದರಿಂದ ಹುಳುಗಳು ಇನ್ನೂ ದೊಡ್ಡದಾಗಿ ಬೆಳೆದಿದ್ದವು. ಸತ್ಯವೇನೋ ಸಾಬೀತಾಯಿತು. ಆದರೆ ಇದು ಅಮಾನವೀಯ ಎಂಬ ಟೀಕೆಯೂ ಬಂತು, ಅದು ನ್ಯಾಯವೇ. ರೋಗಿಯ ಒಪ್ಪಿಗೆಯಿಲ್ಲದೆ ಪ್ರಯೋಗ ಕೂಡದು ಎಂಬ ಇಂದಿನ ನಿಯಮದ ಬೆಲೆ ಇಂಥ ಕಥೆಗಳಿಂದ ತಿಳಿಯುತ್ತದೆ.

1855ರಲ್ಲೇ ಮನುಷ್ಯನ ಪರೋಪಜೀವಿಗಳ ಕುರಿತ ಅವರ ದೊಡ್ಡ ಗ್ರಂಥ ಹೊರಬಂತು. ಎರಡು ವರ್ಷಗಳಲ್ಲಿ ಇಂಗ್ಲಿಷಿಗೂ ಅನುವಾದವಾಯಿತು. ಕೊನೆಯ ದಶಕಗಳನ್ನು ಡ್ರೆಸ್ಡೆನ್ ನಗರದಲ್ಲಿ ಕಳೆದ ಅವರು, ಶವಗಳನ್ನು ಹೂಳುವ ಬದಲು ಸುಡಬೇಕೆಂದು ಆರೋಗ್ಯದ ದೃಷ್ಟಿಯಿಂದ ಪ್ರಚಾರ ಮಾಡಿದರು. 1890ರಲ್ಲಿ ತೀರಿಕೊಂಡರು.

ಅವರ ಕೆಲಸದಿಂದ ನಮಗೆ ತಿಳಿಯುವುದೇನು?

ಲಾಡಿಹುಳು ಇರುವವರ ಮಲದಲ್ಲಿ ಮೊಟ್ಟೆಗಳು ಹೊರಬರುತ್ತವೆ. ಸರಿಯಾಗಿ ತೊಳೆಯದ ಕೈ, ಕೊಳೆನೀರು, ಹಸಿ ಸೊಪ್ಪು ತರಕಾರಿಗಳ ಮೂಲಕ ಅವು ಯಾರ ಹೊಟ್ಟೆಗಾದರೂ ಸೇರಬಹುದು. ಆದ್ದರಿಂದ ಸಸ್ಯಾಹಾರಿಗಳಿಗೂ ಮಿದುಳಿನ ಗುಳ್ಳೆ ಬರುತ್ತದೆ. ಇದು ನಿಮ್ಮ ತಪ್ಪಲ್ಲ, ನಾಚಿಕೆಪಡುವ ವಿಷಯವೂ ಅಲ್ಲ.

ಕರುಳಿನ ಲಾಡಿಹುಳು ಹಲವು ಮೀಟರ್ ಬೆಳೆದರೂ ಸಾಮಾನ್ಯವಾಗಿ ಮಾತ್ರೆಯಿಂದಲೇ ಹೋಗುತ್ತದೆ. ಅಪರೂಪಕ್ಕೆ ಅದರ ತುಂಡುಗಳು ಅಪೆಂಡಿಕ್ಸ್, ಪಿತ್ತನಾಳ ಅಥವಾ ಮೇದೋಜೀರಕ ನಾಳಕ್ಕೆ ಹೊಕ್ಕುತ್ತವೆ, ಇಲ್ಲವೇ ಕರುಳಿಗೆ ಅಡ್ಡಿಯಾಗುತ್ತವೆ. ಆಗ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಮಿದುಳಿನ ಗುಳ್ಳೆಗೂ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಗುಳ್ಳೆಯು ಮಿದುಳಿನ ನೀರಿನ ಹರಿವನ್ನು ತಡೆದು ಒತ್ತಡ ಹೆಚ್ಚಿದರೆ ಎಂಡೋಸ್ಕೋಪ್‌ನಿಂದ ಅದನ್ನು ತೆಗೆಯುತ್ತಾರೆ ಅಥವಾ ಶಂಟ್ ಎಂಬ ಕೊಳವೆ ಹಾಕುತ್ತಾರೆ.

ಔಷಧದ ಬಗ್ಗೆ ಒಂದು ಎಚ್ಚರಿಕೆ. 1988ರಲ್ಲಿ ಮುಂಬೈಯ ನರರೋಗ ತಜ್ಞ ಡಾ. ನೋಶಿರ್ ವಾಡಿಯಾ ಮತ್ತು ಸಹೋದ್ಯೋಗಿಗಳು, ಮೈಯೆಲ್ಲ ಗುಳ್ಳೆ ಹರಡಿದ ರೋಗಿಗಳ ಸಿ.ಟಿ. ಸ್ಕ್ಯಾನ್ ಮತ್ತು ಪ್ರಾಜಿಕ್ವಾಂಟೆಲ್ ಚಿಕಿತ್ಸೆಯ ಅನುಭವವನ್ನು ಬ್ರೈನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಗುಳ್ಳೆಗಳು ಸಾಯುವಾಗ ಸುತ್ತಲೂ ಊತ ಬಂದು ಫಿಟ್ಸ್, ತಲೆನೋವು ಹೆಚ್ಚಬಹುದು. ಅದಕ್ಕಾಗಿಯೇ ವೈದ್ಯರು ಸ್ಕ್ಯಾನ್ ಹಾಗೂ ಕಣ್ಣಿನ ಪರೀಕ್ಷೆ ಮಾಡಿಸಿ, ಸ್ಟಿರಾಯ್ಡ್ ಜೊತೆಗೆ ಔಷಧ ಕೊಡುತ್ತಾರೆ. ಹುಳುವಿನ ಮಾತ್ರೆ ತಾನೇ ಎಂದು ಆಲ್ಬೆಂಡಜೋಲ್ ಅಥವಾ ಪ್ರಾಜಿಕ್ವಾಂಟೆಲ್ ಅನ್ನು ನೀವಾಗಿಯೇ ಕೊಂಡು ನುಂಗಬೇಡಿ. ಫಿಟ್ಸ್ ನಿಂತಿತೆಂದು ಅದರ ಮಾತ್ರೆಯನ್ನು ಹಠಾತ್ತನೆ ಬಿಡಬೇಡಿ.

ತಡೆಯಾಗದ ವಾಂತಿ, ಹೊಟ್ಟೆ ಉಬ್ಬಿ ಮಲ ಮತ್ತು ಗಾಳಿ ನಿಂತುಹೋಗುವುದು, ತೀವ್ರ ಹೊಟ್ಟೆನೋವು, ಫಿಟ್ಸ್, ವಾಂತಿಯೊಂದಿಗೆ ಹೆಚ್ಚುತ್ತಿರುವ ತಲೆನೋವು ಅಥವಾ ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಒಬ್ಬರಿಗೆ ರೋಗ ಪತ್ತೆಯಾದರೆ ಮನೆಯವರೆಲ್ಲರ ಮಲ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಶೌಚದ ನಂತರ ಮತ್ತು ಅಡುಗೆಗೆ ಮೊದಲು ಸೋಪಿನಿಂದ ಕೈ ತೊಳೆಯಿರಿ. ಸೊಪ್ಪು ತರಕಾರಿಗಳನ್ನು ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಮಾಂಸವನ್ನು ಪೂರ್ತಿ ಬೇಯಿಸಿ. ಕ್ಯೂಖೆನ್‌ಮೈಸ್ಟರ್ ಕಂಡುಹಿಡಿದ ಹುಳುವಿನ ಸುತ್ತು ಇಷ್ಟರಿಂದಲೇ ನಮ್ಮ ಅಡುಗೆಮನೆಯಲ್ಲಿ ಕಡಿದುಹೋಗುತ್ತದೆ.