ಸರ್ ಜಾನ್ ಚಾರ್ನ್ಲಿ

ನಮ್ಮ ಸೊಂಟದ ಕೀಲು ಒರಳು-ಗುಂಡಿನಂತೆ ಇದೆ. ಸೊಂಟದ ಎಲುಬಿನಲ್ಲಿ ಒಂದು ಕುಳಿ. ಅದರೊಳಗೆ ತಿರುಗುವ ತೊಡೆಯೆಲುಬಿನ ದುಂಡನೆಯ ತಲೆ. ಎರಡಕ್ಕೂ ಹೊದಿಸಿರುವ ಮೃದ್ವಸ್ಥಿಯು ನುಣುಪಾಗಿರುವ ತನಕ ಅಲ್ಲಿ ಕೀಲೊಂದಿದೆ ಎಂಬುದೇ ನಮಗೆ ತಿಳಿಯದು. ಸಂಧಿವಾತವು ಆ ಹೊದಿಕೆಯನ್ನು ತಿಂದುಹಾಕಿದರೆ ಎಲುಬು ಎಲುಬನ್ನು ಅರೆಯತೊಡಗುತ್ತದೆ. ಇದು ಮುದುಕರ ಬೇನೆ ಎಂಬುದು ಬಹುಜನರ ಎಣಿಕೆ. ಆದರೆ ಮಕ್ಕಳ ಸಂಧಿವಾತವನ್ನು ಲಂಡನ್ನಿನ ವೈದ್ಯನಾದ ಜಾರ್ಜ್ ಸ್ಟಿಲ್ 1897ರಲ್ಲಿಯೇ ವರ್ಣಿಸಿದ್ದಾನೆ. ಅದು ಉಗ್ರವಾದರೆ ಹದಿನೈದು ಹದಿನಾರರ ಹುಡುಗಿ ನೆಲದ ಮೇಲೆ ಕೂರಲಾರಳು, ಮೆಟ್ಟಿಲು ಹತ್ತಲಾರಳು, ಅಂಗಾತ ಮಲಗಿ ಕಾಲು ಚಾಚಲಾರಳು. ಇಂಥವರಿಗೆ ಹೊಸ ಕೀಲನ್ನು ಕೂಡಿಸಬಹುದೆ? ಹೊಸ ಕೀಲನ್ನು ನಿರ್ಮಿಸಿದವನೇ ಈ ಪ್ರಶ್ನೆಗೆ ಬಹುಕಾಲ ಅಂಜಿದನು. ಆತನೇ ಜಾನ್ ಚಾರ್ನ್ಲಿ.

ಇಂಗ್ಲೆಂಡಿನ ಲ್ಯಾಂಕಷೈರಿನ ಬೆರಿ ಎಂಬ ಊರಿನಲ್ಲಿ 1911ನೆಯ ಇಸವಿ ಆಗಸ್ಟ್ 29ರಂದು ಈತನ ಜನನ. ತಂದೆಯದು ಔಷಧದಂಗಡಿ, ತಾಯಿ ದಾದಿಯಾಗಿದ್ದವಳು. ಮ್ಯಾಂಚೆಸ್ಟರಿನಲ್ಲಿ ಓದಿ 1935ರಲ್ಲಿ ವೈದ್ಯನಾದನು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ವೈದ್ಯದಳವನ್ನು ಸೇರಿ ಈಜಿಪ್ಟಿಗೆ ಹೋದಾಗ, ಸೇನೆಯ ಕಾರ್ಖಾನೆಯಲ್ಲಿ ಮುರಿದ ಕಾಲುಗಳಿಗೆ ಆಸರೆಗಳನ್ನು ಮಾಡಿಸಿದನು. ಈತನಲ್ಲಿ ಅರ್ಧ ವೈದ್ಯನಿದ್ದರೆ ಇನ್ನರ್ಧ ಕಮ್ಮಾರನಿದ್ದನೆಂದು ನನಗೆ ತೋರುತ್ತದೆ. ಎಲುಬಿನ ಕಸಿ ಹೇಗೆ ಕೂಡುತ್ತದೆಂದು ತಿಳಿಯಲು ತನ್ನ ಮೊಣಕಾಲ ಕೆಳಗಿನ ಎಲುಬನ್ನೇ ಒಡ್ಡಿ, ಅದು ಕೀತು, ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾದ ಸಾಹಸಿ.

ಆಗ ಪ್ಯಾರಿಸಿನ ಜೂಡೆ ಸೋದರರ ಅಕ್ರಿಲಿಕ್ ತಲೆಯನ್ನು ತೊಡೆಯೆಲುಬಿಗೆ ಜೋಡಿಸುವ ಪದ್ಧತಿ ಇತ್ತು. ಹಾಗೆ ಜೋಡಿಸಿಕೊಂಡ ರೋಗಿಯೊಬ್ಬನು ಮುಂದಕ್ಕೆ ಬಾಗಿದರೆ ಸಾಕು, ಕೀಲು ಕಿರ್ರೆನ್ನುತ್ತಿತ್ತು. ಆ ಸದ್ದು ತಾಳಲಾರದೆ ಹೆಂಡತಿ ಎದ್ದು ಹೋಗುತ್ತಿದ್ದಳಂತೆ! ಇತರರಿಗೆ ಇದು ನಗೆಯ ಮಾತು; ಚಾರ್ನ್ಲಿಗೆ ಘರ್ಷಣೆಯ ಪಾಠ. ತಿಕ್ಕಾಟ ಕಡಮೆಯಾಗಬೇಕಾದರೆ ತಲೆ ಚಿಕ್ಕದಿರಬೇಕು, ಕುಳಿ ನುಣುಪಾಗಿರಬೇಕು ಎಂದು ಆತನು ಕಂಡುಕೊಂಡನು. ವಿಗನ್ ಬಳಿಯ ರೈಟಿಂಗ್ಟನ್ ಆಸ್ಪತ್ರೆ ಹಿಂದೆ ಕ್ಷಯರೋಗಿಗಳದು. ಅಲ್ಲಿ ಈತನ ಕಾರ್ಯ ನೆಲೆಗೊಂಡಿತು. ಉಕ್ಕಿನ ಚಿಕ್ಕ ತಲೆ, ಟೆಫ್ಲಾನಿನ ಬಟ್ಟಲು. ಎರಡನ್ನೂ ಎಲುಬಿನಲ್ಲಿ ಕೂರಿಸಲು ಹಲ್ಲುವೈದ್ಯರು ಬಳಸುವಂಥ ಅಕ್ರಿಲಿಕ್ ಸಿಮೆಂಟು. ಅದು ಅಂಟಲ್ಲ, ಗಾರೆಯಂತೆ ಸಂದು ತುಂಬುವುದು.

ರೋಗಿಗಳು ನೋವಿಲ್ಲದೆ ಎದ್ದು ನಡೆದರು. ಸುಮಾರು 300 ಶಸ್ತ್ರಚಿಕಿತ್ಸೆಗಳಾದವು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಬಟ್ಟಲುಗಳು ಸವೆದು, ಸವೆದ ಪುಡಿ ಸುತ್ತಲಿನ ಮಾಂಸವನ್ನು ಕೆರಳಿಸಿ, ಕೀಲುಗಳು ಸಡಿಲಗೊಂಡವು. ಚಾರ್ನ್ಲಿ ಅದನ್ನು ಬೇರೆಯವರ ಕೈಗೆ ಬಿಡಲಿಲ್ಲ. ತಾನು ಹಾಕಿದ್ದನ್ನು ತಾನೇ ತೆಗೆದನು. ಆ ಪುಡಿಯನ್ನು ತನ್ನ ತೊಡೆಯೊಳಗೂ ಸೇರಿಸಿಕೊಂಡು ಪರೀಕ್ಷಿಸಿದನು. ಎಳೆಯರ ವಿಷಯದಲ್ಲಿ ಮುಂದೆ ಆತನು ತೋರಿದ ಹಿಂಜರಿಕೆಯನ್ನು ಆಡಿಕೊಳ್ಳುವ ಮೊದಲು ಈ ದಿನಗಳನ್ನು ನೆನೆಯಬೇಕು.

1962ರಲ್ಲಿ ಮಾರಾಟಗಾರನೊಬ್ಬನು ಮಗ್ಗದ ಯಂತ್ರಗಳ ಹಲ್ಲುಚಕ್ರಕ್ಕೆಂದು ಬಂದ ಪಾಲಿಎಥಿಲೀನ್ ತುಂಡನ್ನು ತಂದನು. ಚಾರ್ನ್ಲಿ ಉಗುರಿನಿಂದ ಒತ್ತಿ ನೋಡಿ ಬದಿಗಿಟ್ಟನು. ಸಹಾಯಕನಾದ ಹ್ಯಾರಿ ಕ್ರೇವನ್ ಸುಮ್ಮನಿರದೆ ಅದನ್ನು ಸವೆಸುವ ಯಂತ್ರಕ್ಕೆ ಒಡ್ಡಿದನು. ಮೂರು ವಾರ ಉಜ್ಜಿದರೂ ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಅದು ಸವೆಯಲಿಲ್ಲ. ಅದೇ ನವೆಂಬರಿನಲ್ಲಿ ಅದರ ಬಟ್ಟಲು ಮೊದಲ ಬಾರಿಗೆ ಮನುಷ್ಯದೇಹವನ್ನು ಸೇರಿತು.

ಆದರೂ ಅದು ಸವೆಯದ ವಸ್ತುವಲ್ಲ. ನಿಧಾನವಾಗಿ ಸವೆಯುವ ವಸ್ತು. ಎಪ್ಪತ್ತರ ಮುದುಕನಿಗೆ ಇಪ್ಪತ್ತು ವರ್ಷ ಸಾಕಾಗಬಹುದು. ಹದಿನಾರರವಳಿಗೆ? ಎರಡನೆಯ ಸಲ, ಮೂರನೆಯ ಸಲ ಬಿಚ್ಚಬೇಕಾದೀತು. ಪ್ರತಿ ಸಲವೂ ಎಲುಬು ಕರಗಿರುತ್ತದೆ. ಆದಕಾರಣ ಚಾರ್ನ್ಲಿ ಮೊದಮೊದಲು ವಯಸ್ಸಾದವರನ್ನೇ ಆರಿಸಿಕೊಂಡನು. ಆ ಲೆಕ್ಕ ಸರಿಯೆ. ಆದರೆ ಕಾಯುವುದಕ್ಕೂ ಬೆಲೆಯಿದೆ. ಹಾಸಿಗೆಯಲ್ಲಿ ಕಳೆದ ಹದಿಹರೆಯವನ್ನು ಯಾವ ಶಸ್ತ್ರವೈದ್ಯನೂ ಅನಂತರ ಕೂಡಿಸಿಕೊಡಲಾರ. ಸಂಧಿವಾತದಿಂದ ತೀರ ಜರ್ಝರಿತರಾದ ಎಳೆಯರಿಗೆ ರೈಟಿಂಗ್ಟನ್ನಿನಲ್ಲಿಯೂ ಬಾಗಿಲು ತೆರೆಯಿತು. ಟ್ಯಾಪ್ಲೋ ಎಂಬಲ್ಲಿ ಮಕ್ಕಳ ಸಂಧಿವಾತಕ್ಕೆ ಮುಡಿಪಾಗಿದ್ದ ಡಾಕ್ಟರ್ ಬಾರ್ಬರಾ ಆನ್ಸೆಲ್ ಎಂಬಾಕೆ ಶಸ್ತ್ರವೈದ್ಯ ಜಾರ್ಜ್ ಆರ್ಡನ್‌ನೊಡನೆ ಇದೇ ದಾರಿಯಲ್ಲಿ ನಡೆದಳು.

ಕೆಲಸ ಸುಲಭದ್ದಲ್ಲ. ಇಂಥ ಮಕ್ಕಳ ಎಲುಬು ಸಣ್ಣದು, ಟೊಳ್ಳಾದದ್ದು. ಕುತ್ತಿಗೆ ಸೆಟೆದು ಗದ್ದ ಕಿರಿದಾಗಿರುವುದರಿಂದ ಅರಿವಳಿಕೆಯ ನಳಿಕೆ ಇಳಿಸುವುದೇ ಕಷ್ಟ. ಬೆಳೆಯುವ ಕಾಲು ಕುಂಠಿತವಾಗದೆ ಎಂಬ ಶಂಕೆಗೆ ಮಾತ್ರ ತಕ್ಕಮಟ್ಟಿನ ಸಮಾಧಾನವಿದೆ. ಕಾಲಿನ ಉದ್ದ ಹೆಚ್ಚಾಗಿ ಬೆಳೆಯುವುದು ಮಂಡಿಯ ಬಳಿ, ಸೊಂಟದ ಬಳಿಯಲ್ಲ.

ಚಾರ್ನ್ಲಿಗೆ 1974ರಲ್ಲಿ ಲ್ಯಾಸ್ಕರ್ ಪ್ರಶಸ್ತಿ, 1977ರಲ್ಲಿ ಸರ್ ಪದವಿ ಬಂದವು. ಶಸ್ತ್ರಕೋಣೆಯ ಗಾಳಿಯನ್ನು ಶುದ್ಧಿಗೊಳಿಸಿ ಕೀವಿನ ಬಾಧೆಯನ್ನು ನೂರಕ್ಕೆ ಏಳರಿಂದ ಒಂದರ ಆಸುಪಾಸಿಗೆ ಇಳಿಸಿದ್ದೂ ಆತನ ಸಾಧನೆಯೆ. ತಮ್ಮ ಮರಣಾನಂತರ ಕೀಲನ್ನು ಪರೀಕ್ಷೆಗೆ ಹಿಂದಿರುಗಿಸಬೇಕೆಂದು ರೋಗಿಗಳನ್ನು ಕೇಳಿಕೊಳ್ಳುತ್ತಿದ್ದನು, ಅನೇಕರು ಒಪ್ಪಿದರು. 1982ರ ಆಗಸ್ಟ್ 5ರಂದು ಆತನು ತೀರಿಕೊಂಡನು. ಎಳೆಯ ರೋಗಿಗಳ ಲೆಕ್ಕವನ್ನು ರೈಟಿಂಗ್ಟನ್ನಿನಲ್ಲಿ ವ್ರೊಬ್ಲೆವ್ಸ್ಕಿ ಮುಂದುವರಿಸಿದನು. ಹದಿಹರೆಯದಲ್ಲಿ ಹಾಕಿಸಿಕೊಂಡ ಕೀಲಿನ ಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಡೆದವರುಂಟು. ಬಟ್ಟಲು ಸಡಿಲಗೊಂಡು ಮತ್ತೆ ಮೇಜನ್ನು ಏರಿದವರೂ ಉಂಟು. 1990ರ ದಶಕದ ಕೊನೆಯಿಂದ ವಿಕಿರಣದಿಂದ ಹದಗೊಳಿಸಿದ, ಇನ್ನೂ ಕಡಮೆ ಸವೆಯುವ ಪಾಲಿಎಥಿಲೀನ್ ಬಂದಿದೆ. ಮೆಥೊಟ್ರೆಕ್ಸೇಟ್ ಮತ್ತು ಆಮೇಲಿನ ಔಷಧಗಳಿಂದ, ಕೀಲು ಕೆಡುವ ಮೊದಲೇ ಬೇನೆಯನ್ನು ತಡೆದ ಮಕ್ಕಳಿಗೆ ಈ ಶಸ್ತ್ರಚಿಕಿತ್ಸೆಯ ಅಗತ್ಯವೇ ವಿರಳವಾಗಿದೆ. ಔಷಧ ತಡವಾಗಿ ದೊರೆತ ಮಕ್ಕಳಿಗೆ ಇಂದಿಗೂ ಚಾರ್ನ್ಲಿಯ ಚಿಕ್ಕ ತಲೆ, ನುಣುಪು ಬಟ್ಟಲಿನ ಸಂತತಿಯೇ ಗತಿ.